ಅಮೆರಿಕದ ಕಾಲೇಜು ತಂಡಗಳು ಕಾನ್ಫರೆನ್ಸ್ ಬದಲಿಸುವುದೇಕೆ, ಹಣ ಯಾರಿಗೆ ಎಷ್ಟು: ಪದೇ ಪದೇ ಕೇಳುವ ಪ್ರಶ್ನೆಗಳು

ಆಗಸ್ಟ್ ಕೊನೆಗೆ ಇಲ್ಲಿ ಕಾಲೇಜು ಫುಟ್‌ಬಾಲ್ ಶುರುವಾಗುತ್ತದೆ. ಅದರ ಜೊತೆಗೇ ನನಗೆ ಪ್ರಶ್ನೆಗಳೂ ಶುರುವಾಗುತ್ತವೆ. ವಾಷಿಂಗ್ಟನ್ ರಾಜ್ಯದಲ್ಲಿ ಬಹಳ ವರ್ಷಗಳಿಂದ ನೆಲೆಸಿರುವುದರಿಂದ ಈ ಆಟದ ಹುಚ್ಚು ನನಗೂ ಅಂಟಿದೆ ಎಂಬುದು ನೆಂಟರಿಗೆಲ್ಲ ಗೊತ್ತು. ಹೊಸದಾಗಿ ಬಂದ ಕನ್ನಡದ ಹುಡುಗರು ಕೇಳುತ್ತಾರೆ, ಮಕ್ಕಳನ್ನು ಇಲ್ಲಿಗೆ ಓದಲು ಕಳುಹಿಸಿದ ಅಪ್ಪ ಅಮ್ಮಂದಿರು ಊರಿನಿಂದ ಫೋನ್ ಮಾಡಿ ಕೇಳುತ್ತಾರೆ. ಪ್ರತಿ ಸಲವೂ ಮೊದಲಿನಿಂದ ಹೇಳುವುದಕ್ಕಿಂತ ಒಂದು ಕಡೆ ಬರೆದಿಡುವುದು ವಾಸಿ ಎನ್ನಿಸಿತು. ಮೊತ್ತಗಳನ್ನು ನಮ್ಮ ರೂಢಿಯಂತೆ ಕೋಟಿ ಡಾಲರುಗಳಲ್ಲಿ ಕೊಟ್ಟಿದ್ದೇನೆ.

ಮೊದಲಿಗೆ, ಈ ಕಾನ್ಫರೆನ್ಸ್ ಎಂದರೇನು? ಸಭೆಯೇ, ಸಮ್ಮೇಳನವೇ?

ಎರಡೂ ಅಲ್ಲ. ಪರಸ್ಪರ ಆಡಲು ಒಪ್ಪಿಕೊಂಡ ಕಾಲೇಜುಗಳ ಕೂಟ. ಬಿಗ್ ಟೆನ್ ಎಂಬ ಕೂಟ 1896ರಲ್ಲಿ ಹುಟ್ಟಿತು, ಪೆಸಿಫಿಕ್ ಕರಾವಳಿಯವರದು (ಮುಂದೆ ಪ್ಯಾಕ್-12 ಎನ್ನಿಸಿಕೊಂಡದ್ದು) 1915ರಲ್ಲಿ, ದಕ್ಷಿಣದ ಎಸ್‌ಇಸಿ 1932ರಲ್ಲಿ, ಅಟ್ಲಾಂಟಿಕ್ ಕರಾವಳಿಯ ಎಸಿಸಿ 1953ರಲ್ಲಿ. ಆಗ ರೈಲಿನಲ್ಲಿ ಹೋಗಿ ಆಡಿ ಬರಬೇಕಾಗಿತ್ತು, ಆದ್ದರಿಂದ ಹತ್ತಿರದ ಊರಿನವರೇ ಒಟ್ಟಾದರು. ಅಕ್ಕಪಕ್ಕದವರಾದ್ದರಿಂದ ಹಗೆಯೂ ಹೊಂದಿಕೆಯೂ ಚೆನ್ನಾಗಿ ಬೆಳೆದವು.

ಈಗ ಕಾನ್ಫರೆನ್ಸ್ ಮಾಡುವ ಮುಖ್ಯ ಕೆಲಸ ಬೇರೆ. ಎಲ್ಲ ಸದಸ್ಯರ ಪಂದ್ಯಗಳ ಪ್ರಸಾರ ಹಕ್ಕನ್ನು ಒಟ್ಟುಗೂಡಿಸಿ ಟೀವಿ ಕಂಪನಿಗೆ ಮಾರುತ್ತದೆ, ಬಂದ ಹಣವನ್ನು ಪಾಲು ಹಾಕುತ್ತದೆ. ಹಾಲು ಉತ್ಪಾದಕರ ಸಂಘವನ್ನು ನೆನೆಸಿಕೊಳ್ಳಿ: ಒಬ್ಬೊಬ್ಬರೇ ಕ್ಯಾನು ಹೊತ್ತು ಗಿರಾಕಿ ಹುಡುಕುವುದಕ್ಕಿಂತ ಎಲ್ಲರ ಹಾಲನ್ನೂ ಒಂದೇ ಟ್ಯಾಂಕರಿಗೆ ಸುರಿದರೆ ದರ ಕುದುರುತ್ತದೆ. ಇಲ್ಲಿನ ಜಗಳಗಳೆಲ್ಲ ಟ್ಯಾಂಕರಿಗೆ ಯಾರು ಎಷ್ಟು ಸುರಿದರು ಎಂಬುದರ ಸುತ್ತಲೇ ಇವೆ.

ಇದು ಕಾಲಿನಲ್ಲಿ ಆಡುವ ಫುಟ್‌ಬಾಲ್ ತಾನೇ?

ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್. ಉಳಿದ ಆಟಗಳೂ ಕಾನ್ಫರೆನ್ಸ್‌ನಲ್ಲಿ ಇರುತ್ತವೆ, ಆದರೆ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವುದು ಫುಟ್‌ಬಾಲ್ ಹಣ. ಬಾಸ್ಕೆಟ್‌ಬಾಲ್‌ಗೆ ಎರಡನೆಯ ಮಣೆ. ಮಿಕ್ಕವುಗಳನ್ನು ಯಾರೂ ಕೇಳುವುದಿಲ್ಲ.

ವಿದ್ಯಾರ್ಥಿಗಳ ಆಟಕ್ಕೆ ಇಷ್ಟೊಂದು ಹಣ ಬಂದದ್ದು ಯಾವಾಗ?

ಒಂದು ವರ್ಷವನ್ನು ಹೇಳಲೇಬೇಕೆಂದರೆ 1984. ಅಲ್ಲಿಯವರೆಗೆ ಕಾಲೇಜು ಫುಟ್‌ಬಾಲ್ ಪ್ರಸಾರವನ್ನು ಎನ್‌ಸಿಎಎ ಎಂಬ ರಾಷ್ಟ್ರೀಯ ಸಂಸ್ಥೆ ತನ್ನ ಮುಷ್ಟಿಯಲ್ಲಿ ಇಟ್ಟುಕೊಂಡಿತ್ತು. ವಾರಕ್ಕೆ ಇಷ್ಟೇ ಪಂದ್ಯ, ಒಂದು ತಂಡ ಇಷ್ಟೇ ಸಲ ಟೀವಿಯಲ್ಲಿ ಕಾಣಿಸಬೇಕು ಎಂದು ಅದು ಕಟ್ಟುಪಾಡು ಮಾಡಿತ್ತು. ಟೀವಿ ಹೆಚ್ಚಾದರೆ ಮೈದಾನಕ್ಕೆ ಜನ ಬರುವುದಿಲ್ಲ ಎಂಬುದು ಅದರ ವಾದ. ಒಕ್ಲಹೋಮ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ದಾವೆ ಹೂಡಿದವು. ಇದು ಏಕಸ್ವಾಮ್ಯ, ಸ್ಪರ್ಧೆಯ ಕಾನೂನಿಗೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ 7–2ರಲ್ಲಿ ತೀರ್ಪು ಕೊಟ್ಟಿತು.

ಭಿನ್ನ ತೀರ್ಪು ಬರೆದವರು ನ್ಯಾಯಮೂರ್ತಿ ಬೈರನ್ ವೈಟ್. ಕೊಲರಾಡೊ ವಿಶ್ವವಿದ್ಯಾಲಯದ ತಂಡದಲ್ಲಿ ದೊಡ್ಡ ಹೆಸರು ಮಾಡಿ, ವೃತ್ತಿಪರ ಫುಟ್‌ಬಾಲನ್ನೂ ಆಡಿದ ವ್ಯಕ್ತಿ. ಇದನ್ನು ಬರೀ ವ್ಯಾಪಾರದಂತೆ ನೋಡಬಾರದು, ಶಿಕ್ಷಣದ ಜೊತೆ ಸೇರಿದ ಆಟವನ್ನು ಕಾಯಲು ಕೆಲವು ಕಟ್ಟುಪಾಡು ಬೇಕು ಎಂಬುದು ಅವರ ನಿಲುವು. ಒಂಬತ್ತು ಜನರಲ್ಲಿ ಮೈದಾನದ ಮಣ್ಣು ಮೆತ್ತಿಸಿಕೊಂಡಿದ್ದವರ ಮಾತು ಸೋತಿತು. ಕಾನೂನಿನ ದೃಷ್ಟಿಯಿಂದ ಬಹುಮತವೇ ಸರಿ ಎಂದು ನನಗೂ ಅನ್ನಿಸುತ್ತದೆ. ಆದರೆ ಮುಂದಿನ ನಲವತ್ತು ವರ್ಷಗಳ ಕಥೆಯನ್ನು ವೈಟ್ ಹೆಚ್ಚು ಸರಿಯಾಗಿ ಊಹಿಸಿದ್ದರು.

ಒಂದು ಕಾಲೇಜಿಗೆ ವರ್ಷಕ್ಕೆ ಎಷ್ಟು ಬರುತ್ತದೆ?

ಯಾವ ಕೂಟದಲ್ಲಿ ಇದ್ದೀರಿ ಎಂಬುದರ ಮೇಲೆ ಹೋಗುತ್ತದೆ. 2021–22ರಲ್ಲಿ ಬಿಗ್ ಟೆನ್‌ನ ಪೂರ್ಣ ಪಾಲು ಪಡೆದವರಿಗೆ ಸುಮಾರು 5.9 ಕೋಟಿ ಡಾಲರ್, ಎಸ್‌ಇಸಿಯವರಿಗೆ ಸುಮಾರು 5 ಕೋಟಿ, ಪ್ಯಾಕ್-12ರವರಿಗೆ ಸುಮಾರು 3.7 ಕೋಟಿ. ಅಂದರೆ ಒಂದೇ ಬಗೆಯ ಆಟ ಆಡುವ, ಒಂದೇ ದರ್ಜೆಯ ಇಬ್ಬರ ನಡುವೆ ವರ್ಷಕ್ಕೆ ಎರಡು ಕೋಟಿ ಡಾಲರ್ ಅಂತರ. ಆ ಹಣದಲ್ಲಿ ಎದುರಾಳಿ ಒಳ್ಳೆಯ ತರಬೇತುದಾರನನ್ನು ತರುತ್ತಾನೆ, ವ್ಯಾಯಾಮಶಾಲೆ ಕಟ್ಟುತ್ತಾನೆ, ನಿಮ್ಮ ಊರಿನ ಹುಡುಗನನ್ನೇ ಕರೆದೊಯ್ಯುತ್ತಾನೆ.

2022ರ ಆಗಸ್ಟಿನಲ್ಲಿ ಬಿಗ್ ಟೆನ್ ಕೂಟವು ಫಾಕ್ಸ್, ಸಿಬಿಎಸ್, ಎನ್‌ಬಿಸಿ ಟೀವಿ ಕಂಪನಿಗಳ ಜೊತೆ ಏಳು ವರ್ಷಕ್ಕೆ 700 ಕೋಟಿ ಡಾಲರಿಗೂ ಮೀರಿದ ಒಪ್ಪಂದ ಮಾಡಿಕೊಂಡಿತು. ಅಂತರ ಇನ್ನೂ ಅಗಲವಾಗುತ್ತದೆ ಎಂಬುದು ಆ ದಿನವೇ ಎಲ್ಲರಿಗೂ ಗೊತ್ತಾಯಿತು.

ಗೆಲ್ಲದ ತಂಡವನ್ನೂ ದೊಡ್ಡ ಕೂಟ ಸೇರಿಸಿಕೊಳ್ಳುವುದೇಕೆ? ರಟ್ಗರ್ಸ್ ಏನು ಮಹಾ ತಂಡ?

ಒಳ್ಳೆಯ ಪ್ರಶ್ನೆ, ಉತ್ತರ ಆಟದಲ್ಲಿ ಇಲ್ಲ, ಕೇಬಲ್ ಬಿಲ್ಲಿನಲ್ಲಿದೆ. ಬಿಗ್ ಟೆನ್ 2007ರಲ್ಲಿ ಸ್ವಂತ ವಾಹಿನಿ ತೆರೆಯಿತು. ಕಾನ್ಫರೆನ್ಸ್‌ನ ಕಾಲೇಜು ಇರುವ ರಾಜ್ಯದ ಕೇಬಲ್ ಗ್ರಾಹಕರಿಂದ ಆ ವಾಹಿನಿಗೆ ತಿಂಗಳಿಗೆ ಹೆಚ್ಚು ದರ ಸಿಗುತ್ತಿತ್ತು. ನ್ಯೂಜೆರ್ಸಿಯ ರಟ್ಗರ್ಸ್ ಬಂದರೆ ನ್ಯೂಯಾರ್ಕ್ ಸುತ್ತಲಿನ ಮನೆಗಳು, ಮೇರಿಲ್ಯಾಂಡ್ ಬಂದರೆ ರಾಜಧಾನಿ ವಾಷಿಂಗ್ಟನ್ ಸುತ್ತಲಿನ ಮನೆಗಳು. ಇಬ್ಬರೂ 2014ರಲ್ಲಿ ಸೇರಿದರು. ಫುಟ್‌ಬಾಲ್ ಎಂದರೆ ಮುಖ ತಿರುಗಿಸುವ ಅಜ್ಜಿಯೂ ಅಡುಗೆ ಕಾರ್ಯಕ್ರಮಕ್ಕೆಂದು ಕೇಬಲ್ ಹಾಕಿಸಿಕೊಂಡು ಈ ಕಾಲೇಜುಗಳನ್ನು ಸಾಕಿದಳು.

ಈಗ ಕೇಬಲ್ ತೆಗೆಸುವವರು ಹೆಚ್ಚಾಗಿದ್ದಾರೆ. ಆದ್ದರಿಂದ ಮನೆಗಳ ಲೆಕ್ಕ ಹಳೆಯದಾಗಿ, ನಿಜವಾಗಿ ಎಷ್ಟು ಜನ ಕೂತು ನೋಡುತ್ತಾರೆ ಎಂಬ ಲೆಕ್ಕ ಬಂದಿದೆ. ಇಂದಾದರೆ ರಟ್ಗರ್ಸ್‌ಗೆ ಆ ಕರೆ ಬರುತ್ತಿತ್ತೇ ಎಂಬ ಅನುಮಾನ ನನಗಿದೆ.

ನೂರು ವರ್ಷ ದಾಟಿದ ಪ್ಯಾಕ್-12 ಒಡೆದದ್ದು ಹೇಗೆ?

ಇದನ್ನು ನಿಧಾನವಾಗಿಯೇ ಹೇಳಬೇಕು, ಏಕೆಂದರೆ ಉಳಿದ ಎಲ್ಲ ವಲಸೆಗಳ ಪಾಠವೂ ಇದರಲ್ಲಿದೆ.

2011ರಲ್ಲಿ ಪ್ಯಾಕ್-12 ಇಎಸ್‌ಪಿಎನ್ ಮತ್ತು ಫಾಕ್ಸ್ ಜೊತೆ ಹನ್ನೆರಡು ವರ್ಷಕ್ಕೆ 300 ಕೋಟಿ ಡಾಲರಿನ ಒಪ್ಪಂದಕ್ಕೆ ಸಹಿ ಹಾಕಿತು. ಆ ದಿನದ ಮಟ್ಟಿಗೆ ಅದೇ ದೊಡ್ಡದು. ಮರುವರ್ಷ ತನ್ನದೇ ವಾಹಿನಿಗಳನ್ನು ತೆರೆಯಿತು, ಒಂದಲ್ಲ, ಏಳು: ದೇಶಕ್ಕೊಂದು, ಪ್ರಾದೇಶಿಕವಾಗಿ ಆರು. ಬಿಗ್ ಟೆನ್ ಫಾಕ್ಸ್ ಕಂಪನಿಯನ್ನು ಪಾಲುದಾರನನ್ನಾಗಿ ಮಾಡಿಕೊಂಡಿತ್ತು, ಪ್ಯಾಕ್-12 ಮಾತ್ರ ಲಾಭವೆಲ್ಲ ನಮಗೇ ಇರಲಿ ಎಂದು ಒಂಟಿಯಾಗಿ ಇಳಿಯಿತು. ಡೈರೆಕ್‌ಟೀವಿ ಎಂಬ ದೊಡ್ಡ ಉಪಗ್ರಹ ಕಂಪನಿ ಕೊನೆಯವರೆಗೂ ಈ ವಾಹಿನಿಗಳನ್ನು ಹಾಕಲಿಲ್ಲ. ಕಚೇರಿ ಸ್ಯಾನ್ ಫ್ರಾನ್ಸಿಸ್ಕೊ ನಗರದ ನಡುವೆ ದುಬಾರಿ ಬಾಡಿಗೆಯಲ್ಲಿ. ಆಯುಕ್ತ ಲ್ಯಾರಿ ಸ್ಕಾಟ್ ಅವರ ವಾರ್ಷಿಕ ಸಂಬಳ 50 ಲಕ್ಷ ಡಾಲರ್ ದಾಟಿತ್ತು. ಹಾಸಿಗೆ ನೋಡದೆ ಕಾಲು ಚಾಚಿದ್ದು ಅಲ್ಲೇ ಶುರು.

2022ರ ಜೂನ್ 30ರಂದು ಲಾಸ್ ಏಂಜಲೀಸ್‌ನ ಎರಡು ದೊಡ್ಡ ಕಾಲೇಜುಗಳಾದ ಯುಎಸ್‌ಸಿ ಮತ್ತು ಯುಸಿಎಲ್‌ಎ ತಾವು ಬಿಗ್ ಟೆನ್‌ಗೆ ಹೋಗುತ್ತೇವೆ ಎಂದವು. ದೇಶದ ಎರಡನೆಯ ಅತಿ ದೊಡ್ಡ ಟೀವಿ ಮಾರುಕಟ್ಟೆ ಒಂದೇ ಮಧ್ಯಾಹ್ನದಲ್ಲಿ ಕೈಬಿಟ್ಟಿತು. ಉಳಿದ ಹತ್ತು ಮಂದಿ ಹೊಸ ಪ್ರಸಾರ ಒಪ್ಪಂದಕ್ಕೆ ಹೊರಟರು. ಇಎಸ್‌ಪಿಎನ್ ಆ ಶರತ್ಕಾಲದಲ್ಲಿ ಕಾಲೇಜಿಗೆ ಸುಮಾರು 3 ಕೋಟಿ ಡಾಲರ್ ಕೊಡಲು ಸಿದ್ಧವಿತ್ತು, ಕುಲಪತಿಗಳು 5 ಕೋಟಿ ಕೇಳಿದರು, ಮಾತು ಮುರಿಯಿತು ಎಂದು ಪತ್ರಿಕೆಗಳು ಆಮೇಲೆ ಬರೆದವು. ಅಷ್ಟರಲ್ಲಿ ಬಿಗ್ 12 ಎಂಬ ಇನ್ನೊಂದು ಕೂಟ ಸರಸರನೆ ಹೋಗಿ ಕಾಲೇಜಿಗೆ ವರ್ಷಕ್ಕೆ ಸರಾಸರಿ 3.17 ಕೋಟಿಗೆ ಒಪ್ಪಿ ಬಂದಿತು. ಅಂಗಡಿ ಮುಚ್ಚುವ ಹೊತ್ತಿಗೆ ಚೌಕಾಸಿ ಮಾಡುತ್ತ ನಿಂತವರಿಗೆ ಕೊಳೆತ ಟೊಮೆಟೊ ಉಳಿಯುತ್ತದೆ.

ಒಂದು ವರ್ಷ ಕಳೆದ ಮೇಲೆ ಆಯುಕ್ತ ಜಾರ್ಜ್ ಕ್ಲಿಯಾವ್ಕಾಫ್ ತಂದದ್ದು ಆಪಲ್ ಕಂಪನಿಯ ಒಪ್ಪಂದ: ಕಾಲೇಜಿಗೆ ಸುಮಾರು 2.3 ಕೋಟಿ, ಚಂದಾದಾರರು ಹೆಚ್ಚಿದರೆ ಹೆಚ್ಚು. ಪಂದ್ಯಗಳು ಮುಖ್ಯವಾಗಿ ಆ್ಯಪ್‌ನಲ್ಲಿ. ಕೊಲರಾಡೊ ಜುಲೈ ಕೊನೆಯಲ್ಲೇ ಬಿಗ್ 12ಕ್ಕೆ ಹೊರಟಾಗಿತ್ತು. 2023ರ ಆಗಸ್ಟ್ 4ರ ಬೆಳಿಗ್ಗೆ ಉಳಿದ ಒಂಬತ್ತು ಮಂದಿ ಒಂದೆಡೆ ಸೇರಿ ಒಪ್ಪಿಗೆ ಕೊಡಬೇಕಿತ್ತು. ಸಂಜೆಯ ಹೊತ್ತಿಗೆ ಒರೆಗಾನ್ ಮತ್ತು ವಾಷಿಂಗ್ಟನ್ ಬಿಗ್ ಟೆನ್‌ಗೆ, ಆರಿಜೋನ, ಆರಿಜೋನ ಸ್ಟೇಟ್, ಯೂಟಾ ಬಿಗ್ 12ಕ್ಕೆ ಹೋಗುವುದು ನಿಕ್ಕಿಯಾಯಿತು. ಸೆಪ್ಟೆಂಬರ್ 1ಕ್ಕೆ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿಯ ಕ್ಯಾಲ್ ಎಸಿಸಿಯ ಬಾಗಿಲು ತಟ್ಟಿ ಒಳಗಾದವು. ಹನ್ನೆರಡರಲ್ಲಿ ಉಳಿದದ್ದು ಎರಡು: ವಾಷಿಂಗ್ಟನ್ ಸ್ಟೇಟ್, ಒರೆಗಾನ್ ಸ್ಟೇಟ್. (ಹೆಸರಿನ ಕೊನೆಗೆ ‘ಸ್ಟೇಟ್’ ಇದ್ದರೆ ಅದು ಬೇರೆಯೇ ವಿಶ್ವವಿದ್ಯಾಲಯ.)

ವಿಚಿತ್ರವೆಂದರೆ ಆ ಕೊನೆಯ ಋತುವಿನಲ್ಲೇ ಪ್ಯಾಕ್-12ರ ತಂಡಗಳು ವರ್ಷಗಳಿಂದ ಕಾಣದಷ್ಟು ಚೆನ್ನಾಗಿ ಆಡಿದವು. ಕೂಟದ ಚಾಂಪಿಯನ್ ವಾಷಿಂಗ್ಟನ್ ಒಂದೂ ಪಂದ್ಯ ಸೋಲದೆ ರಾಷ್ಟ್ರೀಯ ಫೈನಲ್‌ವರೆಗೆ ಹೋಯಿತು.

ಬಿಟ್ಟು ಹೋಗುವವರು ದಂಡ ಕಟ್ಟಬೇಕಲ್ಲವೇ?

ಎರಡು ಬಗೆಯ ಬೇಲಿಗಳಿವೆ. ಒಂದು ನಿರ್ಗಮನ ಶುಲ್ಕ. ಇದು ಕಾಗದದಲ್ಲಿ ಭಯಂಕರವಾಗಿ ಕಾಣುತ್ತದೆ, ಕೊನೆಗೆ ಮಾತುಕತೆಯಲ್ಲಿ ಕರಗುತ್ತದೆ. ಮೇರಿಲ್ಯಾಂಡ್ ಎಸಿಸಿ ಬಿಟ್ಟಾಗ ಕೂಟ ಕೇಳಿದ್ದು 5.2 ಕೋಟಿಗೂ ಹೆಚ್ಚು, ರಾಜಿಯಾದದ್ದು 3.14 ಕೋಟಿಗೆ. ಅದೂ ಕೈಯಿಂದ ಕೊಟ್ಟದ್ದಲ್ಲ, ಮೇರಿಲ್ಯಾಂಡಿಗೆ ಬರಬೇಕಿದ್ದ ಪಾಲಿನಲ್ಲಿ ಎಸಿಸಿ ಹಿಡಿದಿಟ್ಟುಕೊಂಡ ಹಣ. ಟೆಕ್ಸಸ್ ಮತ್ತು ಒಕ್ಲಹೋಮ ಒಂದು ವರ್ಷ ಮುಂಚೆಯೇ, ಅಂದರೆ 2024ರಲ್ಲಿ ಎಸ್‌ಇಸಿಗೆ ಹೋಗಲು ಇಬ್ಬರೂ ಸೇರಿ 10 ಕೋಟಿ ಡಾಲರ್ ಬಿಟ್ಟುಕೊಟ್ಟವು.

ಎರಡನೆಯದು ನಿಜವಾದ ಮುಳ್ಳುಬೇಲಿ: ಪ್ರಸಾರ ಹಕ್ಕನ್ನು ಕೂಟಕ್ಕೆ ಬರೆದುಕೊಡುವ ಪತ್ರ. ಕಾಲೇಜು ತನ್ನ ಮೈದಾನದಲ್ಲಿ ನಡೆಯುವ ಪಂದ್ಯಗಳ ಹಕ್ಕನ್ನು ಇಷ್ಟು ವರ್ಷಕ್ಕೆಂದು ಕೂಟದ ಹೆಸರಿಗೆ ಮಾಡಿಕೊಡುತ್ತದೆ. ಆಮೇಲೆ ನೀವು ಎಲ್ಲಿಗೆ ಹೋದರೂ ಹಕ್ಕು ಹಳೆಯ ಮನೆಯಲ್ಲೇ ಉಳಿಯುತ್ತದೆ. ಭೋಗ್ಯಕ್ಕೆ ಕೊಟ್ಟ ಗದ್ದೆಯಂತೆ: ಖಾತೆ ನಿಮ್ಮದು, ಬೆಳೆ ಅವರದು. ಹಕ್ಕಿಲ್ಲದ ಕಾಲೇಜನ್ನು ಯಾವ ಹೊಸ ಕೂಟ ಸೇರಿಸಿಕೊಳ್ಳುತ್ತದೆ?

ಎಸಿಸಿಯ ಸದಸ್ಯರು ಇಂಥ ಪತ್ರವನ್ನು 2036ರವರೆಗೆ ಬರೆದುಕೊಟ್ಟಿದ್ದರು. ಫ್ಲಾರಿಡಾ ಸ್ಟೇಟ್ ಇದರಿಂದ ಬಿಡಿಸಿಕೊಳ್ಳಲು 2023ರ ಡಿಸೆಂಬರಿನಲ್ಲಿ ನ್ಯಾಯಾಲಯಕ್ಕೆ ಹೋಯಿತು, ಬಿಟ್ಟು ಹೋಗುವ ಒಟ್ಟು ವೆಚ್ಚ 57.2 ಕೋಟಿ ಡಾಲರ್ ಆಗುತ್ತದೆ ಎಂದು ಲೆಕ್ಕ ತೋರಿಸಿತು. ತಮಾಷೆಯೆಂದರೆ ಇದರ ಸುಳಿವು ಹಿಡಿದ ಎಸಿಸಿ ಹಿಂದಿನ ದಿನವೇ ಉತ್ತರ ಕೆರೊಲಿನಾದಲ್ಲಿ ತಾನೇ ಮೊದಲು ದಾವೆ ಹಾಕಿತ್ತು. ನಮ್ಮ ಕಡೆ ಪಾಲು ಪಂಚಾಯಿತಿಗೆ ಮುಂಚೆ ಕೇವಿಯಟ್ ಹಾಕಿಡುವ ದಾಯಾದಿಗಳು ನೆನಪಾದರು. ಮರುವರ್ಷ ಕ್ಲೆಮ್‌ಸನ್ ಕೂಡ ದಾವೆ ಹೂಡಿತು.

2025ರ ಮಾರ್ಚಿನಲ್ಲಿ ರಾಜಿಯಾಯಿತು. ನಿರ್ಗಮನ ಶುಲ್ಕ 16.5 ಕೋಟಿಯಿಂದ ಶುರುವಾಗಿ ವರ್ಷಕ್ಕೆ 1.8 ಕೋಟಿಯಂತೆ ಇಳಿದು 2030–31ಕ್ಕೆ 7.5 ಕೋಟಿಗೆ ನಿಲ್ಲುತ್ತದೆ. ಶುಲ್ಕ ಕಟ್ಟಿದವರು ಹಕ್ಕನ್ನೂ ಜೊತೆಗೆ ಒಯ್ಯಬಹುದು. ಟೀವಿ ಹಣದ ದೊಡ್ಡ ಭಾಗವನ್ನು ಇನ್ನು ಮುಂದೆ ಯಾರ ಪಂದ್ಯವನ್ನು ಹೆಚ್ಚು ಜನ ನೋಡುತ್ತಾರೆ ಎಂಬುದರ ಮೇಲೆ ಹಂಚುತ್ತಾರೆ. ಮುಳ್ಳುಬೇಲಿಗೆ ಬೆಲೆಪಟ್ಟಿ ಅಂಟಿಸಿದಂತಾಯಿತು.

ಅರ್ಧ ಪಾಲಿಗೂ ಒಪ್ಪಿ ಹೋದವರಿದ್ದಾರಂತೆ. ಇದೆಂಥ ಲಾಭ?

ಲಾಭವಲ್ಲ, ಭಯ. ಒರೆಗಾನ್ ಮತ್ತು ವಾಷಿಂಗ್ಟನ್ ಬಿಗ್ ಟೆನ್‌ಗೆ ಸುಮಾರು 3 ಕೋಟಿಯ ಪಾಲಿಗೆ ಸೇರಿದವು, ಪಕ್ಕದಲ್ಲಿ ಕೂತವರಿಗೆ ಅದರ ಎರಡರಷ್ಟು. ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲ್ ಮೊದಲ ಏಳು ವರ್ಷ ಎಸಿಸಿಯ ಟೀವಿ ಪಾಲಿನಲ್ಲಿ ನೂರಕ್ಕೆ ಮೂವತ್ತು ಮಾತ್ರ ಪಡೆಯುತ್ತವೆ. ಡಾಲಸ್‌ನ ಎಸ್‌ಎಂಯು ಇನ್ನೂ ಮುಂದೆ ಹೋಗಿ ಒಂಬತ್ತು ವರ್ಷ ಆ ಟೀವಿ ಹಣವೇ ಬೇಡ ಎಂದಿತು.

ಎಸ್‌ಎಂಯು ಕಥೆ ಬೇರೆಯೇ. ಆಟಗಾರರಿಗೆ ಕದ್ದು ಹಣ ಕೊಟ್ಟದ್ದಕ್ಕೆ 1987ರಲ್ಲಿ ಎನ್‌ಸಿಎಎ ಅದರ ಫುಟ್‌ಬಾಲನ್ನೇ ಒಂದು ಋತು ನಿಲ್ಲಿಸಿತ್ತು. ಆಮೇಲೆ ದಶಕಗಳ ಕಾಲ ಸಣ್ಣ ಕೂಟಗಳಲ್ಲಿ ಅಲೆದಾಟ. ಎಸಿಸಿ ಕರೆದಾಗ ಅದರ ಪೆಟ್ರೋಲಿಯಂ ಮತ್ತು ಜಮೀನಿನ ಶ್ರೀಮಂತರು ಒಂದೇ ವಾರದಲ್ಲಿ 10 ಕೋಟಿ ಡಾಲರ್ ಕೂಡಿಸಿ ಕೊಟ್ಟರು. ಅಂದು ಕದ್ದು ಕೊಟ್ಟದ್ದು ತಪ್ಪಾಯಿತು, ಇಂದು ಆಟಗಾರರಿಗೆ ಬಹಿರಂಗವಾಗಿಯೇ ಕೊಡಬಹುದು.

ಹಿಂದೆ ಉಳಿದ ಆ ಎರಡು ಕಾಲೇಜುಗಳ ಗತಿ?

ವಾಷಿಂಗ್ಟನ್ ಸ್ಟೇಟ್ ಇರುವ ಪುಲ್‌ಮನ್ ಊರಿಗೆ ಒಮ್ಮೆ ಹೋಗಿ ನೋಡಬೇಕು. ಸಿಯಾಟಲ್‌ನಿಂದ ಸುಮಾರು ಐದು ಗಂಟೆಯ ಕಾರಿನ ದಾರಿ. ಬೆಟ್ಟ ಇಳಿದ ಮೇಲೆ ಮರಗಳು ಕಡಿಮೆಯಾಗಿ ಗೋಧಿ ಹೊಲಗಳು ಶುರುವಾಗುತ್ತವೆ, ಸೆಪ್ಟೆಂಬರಿನಲ್ಲಿ ಕೊಯ್ಲು ಮುಗಿದ ಕೂಳೆಯ ಗುಡ್ಡಗಳು ಒಂದರ ಹಿಂದೊಂದು ಬರುತ್ತವೆ. ಊರಿನ ಜನಸಂಖ್ಯೆ ಸುಮಾರು 33 ಸಾವಿರ, ಕ್ರೀಡಾಂಗಣದಲ್ಲಿ ಕೂರಬಹುದಾದವರೂ ಹೆಚ್ಚು ಕಡಿಮೆ ಅಷ್ಟೇ. ಪಂದ್ಯದ ದಿನ ಕಾಲೇಜಿನ ಡೈರಿಯಲ್ಲಿ ಮಾಡಿದ ಚೀಸ್ ಕೊಳ್ಳಲು ಜನ ಸಾಲು ನಿಲ್ಲುತ್ತಾರೆ. ದುಂಡನೆಯ ತಗಡಿನ ಡಬ್ಬಿಯಲ್ಲಿ ಬರುವ ಚೀಸ್. ಮೊದಲ ಸಲ ನಾನು ಅದನ್ನು ಬಣ್ಣದ ಡಬ್ಬಿ ಎಂದುಕೊಂಡಿದ್ದೆ. ಹೋಟೆಲು, ಪೆಟ್ರೋಲ್ ಬಂಕು, ಪಿಜ್ಜಾ ಅಂಗಡಿ, ಎಲ್ಲಕ್ಕೂ ವರ್ಷದಲ್ಲಿ ಆರೇಳು ಶನಿವಾರಗಳೇ ಸುಗ್ಗಿ. ಟೀವಿ ಮಾರುಕಟ್ಟೆಯ ಲೆಕ್ಕದಲ್ಲಿ ಈ ಊರಿಗೆ ಬೆಲೆ ಇಲ್ಲ.

ಇಎಸ್‌ಪಿಎನ್‌ನ ಶನಿವಾರ ಬೆಳಗಿನ ಫುಟ್‌ಬಾಲ್ ಕಾರ್ಯಕ್ರಮ ವಾರಕ್ಕೊಂದು ಕಾಲೇಜಿನಿಂದ ನೇರ ಪ್ರಸಾರವಾಗುತ್ತದೆ. 2003ರಿಂದ ಅದು ಎಲ್ಲಿಗೆ ಹೋದರೂ ಹಿಂದಿನ ಗುಂಪಿನಲ್ಲಿ ವಾಷಿಂಗ್ಟನ್ ಸ್ಟೇಟ್‌ನ ಬಾವುಟವೊಂದು ಹಾರುತ್ತಿರುತ್ತದೆ. ಹಳೆಯ ವಿದ್ಯಾರ್ಥಿಗಳು ಒಬ್ಬರಿಂದೊಬ್ಬರಿಗೆ ದಾಟಿಸುತ್ತ ಅದನ್ನು ಊರೂರಿಗೆ ಒಯ್ಯುತ್ತಾರೆ. ಅಭಿಮಾನವನ್ನು ಅಳೆಯುವುದಾದರೆ ಈ ಕಾಲೇಜು ಯಾವ ಕೂಟಕ್ಕೂ ಹೊರೆಯಾಗುತ್ತಿರಲಿಲ್ಲ. ಒರೆಗಾನ್ ಸ್ಟೇಟ್‌ನವರ ಹೊಟ್ಟೆಯುರಿ ಬೇರೆ: 16 ಕೋಟಿ ಡಾಲರ್ ಸುರಿದು ಕ್ರೀಡಾಂಗಣ ನವೀಕರಿಸಿದ ವರ್ಷವೇ ಕೂಟ ಕುಸಿಯಿತು.

ಇಬ್ಬರೂ ನ್ಯಾಯಾಲಯಕ್ಕೆ ಹೋದರು. ಹೊರಟವರಿಗೆ ಮನೆಯ ತಿಜೋರಿಯ ಮೇಲೆ ಮತದ ಹಕ್ಕಿಲ್ಲ ಎಂಬುದು ಇವರ ವಾದ. ವಾಷಿಂಗ್ಟನ್ ರಾಜ್ಯದ ನ್ಯಾಯಾಲಯ ಒಪ್ಪಿತು, ಕೂಟದ ಆಡಳಿತ ಇವರ ಕೈಗೆ ಬಂತು. ಆ ಹಣದಿಂದ ಎರಡು ವರ್ಷ ತಳ್ಳಿದರು, ಮೌಂಟನ್ ವೆಸ್ಟ್ ಕೂಟದ ಜೊತೆ ಪಂದ್ಯಗಳನ್ನು ಹೊಂದಿಸಿಕೊಂಡರು. ಈ ನಡುವೆ ವಾಷಿಂಗ್ಟನ್ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್, ಅಂದರೆ ತಂಡದ ದಾಳಿ ನಡೆಸುವ ಆಟಗಾರ, ಕ್ಯಾಮ್ ವಾರ್ಡ್ ಮಯಾಮಿ ವಿಶ್ವವಿದ್ಯಾಲಯಕ್ಕೆ ಹೋದ, ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ 2025ರ ಆಯ್ಕೆಯಲ್ಲಿ ಮೊದಲನೆಯವನಾದ.

ಆಮೇಲೆ ಇವರೂ ಅದೇ ಆಟ ಆಡಿದರು. 2024ರ ಸೆಪ್ಟೆಂಬರಿನಲ್ಲಿ ಅದೇ ಮೌಂಟನ್ ವೆಸ್ಟ್‌ನಿಂದ ಬಾಯ್ಸಿ ಸ್ಟೇಟ್, ಕೊಲರಾಡೊ ಸ್ಟೇಟ್, ಫ್ರೆಸ್ನೊ ಸ್ಟೇಟ್, ಸ್ಯಾನ್ ಡಿಯಾಗೊ ಸ್ಟೇಟ್, ಯೂಟಾ ಸ್ಟೇಟ್ ಐದನ್ನು ಎಳೆದುಕೊಂಡರು. ಸದಸ್ಯರನ್ನು ಸೆಳೆದರೆ ಇಷ್ಟು ದಂಡ ಎಂದು ಮೊದಲೇ ಕರಾರಿನಲ್ಲಿ ಬರೆದಿತ್ತು, ಐವರಿಗೆ ಒಟ್ಟು 5.5 ಕೋಟಿ. ಆ ಕರಾರೇ ಅನ್ಯಾಯ ಎಂದು ಪ್ಯಾಕ್-12 ದಾವೆ ಹಾಕಿತು. ಅನ್ಯಾಯಕ್ಕೊಳಗಾದವರ ಮೇಲೆ ನನಗಿದ್ದ ಮರುಕ ಆ ದಿನ ಸ್ವಲ್ಪ ತಗ್ಗಿತು. ಗೊನ್ಜಾಗಾ, ಟೆಕ್ಸಸ್ ಸ್ಟೇಟ್ ಕೂಡ ಒಪ್ಪಿಕೊಂಡವು. ಹೊಸ ಕೂಟದ ಆರಂಭಕ್ಕೆ ನಿಗದಿಯಾದದ್ದು 2026ರ ಜುಲೈ.

ಒಂದು ಸಣ್ಣ ಸಮಾಧಾನ: 2024ರ ಸೆಪ್ಟೆಂಬರಿನಲ್ಲಿ ಸಿಯಾಟಲ್‌ನಲ್ಲಿ ನಡೆದ ಆ್ಯಪಲ್ ಕಪ್ ಪಂದ್ಯದಲ್ಲಿ (ಆಪಲ್ ಕಂಪನಿಯದಲ್ಲ, ರಾಜ್ಯದ ಈ ಎರಡು ವಿಶ್ವವಿದ್ಯಾಲಯಗಳ ನಡುವಿನ ಹಳೆಯ ಪೈಪೋಟಿ) ಬಿಗ್ ಟೆನ್‌ನ ಹೊಸ ಸದಸ್ಯ ವಾಷಿಂಗ್ಟನ್ನನ್ನು ವಾಷಿಂಗ್ಟನ್ ಸ್ಟೇಟ್‌ನವರು 24–19ರಿಂದ ಸೋಲಿಸಿದರು. ಕೊನೆಯ ಕ್ಷಣದಲ್ಲಿ, ಗೋಲ್ ಗೆರೆಯ ಬಳಿ ತಡೆದು.

ಯುಸಿಎಲ್‌ಎ ಕ್ಯಾಲ್‌ಗೆ ಜೀವನಾಂಶ ಕೊಡುತ್ತದೆ ಎಂಬುದು ನಿಜವೇ?

ನಿಜ, ಇಲ್ಲಿನ ಪತ್ರಿಕೆಗಳೂ ಅದನ್ನು ಹಾಗೆಯೇ ಕರೆದವು. ಎರಡೂ ಕ್ಯಾಲಿಫೋರ್ನಿಯಾ ರಾಜ್ಯದ ಒಂದೇ ವಿಶ್ವವಿದ್ಯಾಲಯ ವ್ಯವಸ್ಥೆಗೆ ಸೇರಿದವು. ತಮ್ಮ ಹೇಳದೆ ಕೇಳದೆ ಹೊರಟಿದ್ದರಿಂದ ಅಣ್ಣನಿಗೆ ನಷ್ಟವಾಯಿತು ಎಂದು ಆಡಳಿತ ಮಂಡಳಿ ಯುಸಿಎಲ್‌ಎಗೆ ವರ್ಷಕ್ಕೆ 1 ಕೋಟಿ ಡಾಲರಿನಂತೆ ಮೂರು ವರ್ಷ ಕ್ಯಾಲ್‌ಗೆ ಕೊಡಲು 2024ರ ಮೇ ತಿಂಗಳಲ್ಲಿ ಹೇಳಿತು.

ಇಷ್ಟೆಲ್ಲ ಬಂದರೂ ಕ್ರೀಡಾ ವಿಭಾಗಗಳು ಸಾಲದಲ್ಲಿರುವುದೇಕೆ?

ಯುಸಿಎಲ್‌ಎ ಕ್ರೀಡಾ ವಿಭಾಗ 2020–21ರಲ್ಲಿ ಒಂದೇ ವರ್ಷ 6.25 ಕೋಟಿ ಡಾಲರ್ ಕೊರತೆ ತೋರಿಸಿತ್ತು. ಕೋವಿಡ್ ಒಂದು ಕಾರಣ, ಅದೊಂದೇ ಅಲ್ಲ. ಇವು ಲಾಭಾಂಶ ಹಂಚುವ ಕಂಪನಿಗಳಲ್ಲ. ವರ್ಷಕ್ಕೆ ಎಷ್ಟು ಬರುತ್ತದೆಯೋ ಅಷ್ಟನ್ನೂ, ಮೇಲೆ ಇನ್ನಷ್ಟನ್ನೂ ಖರ್ಚು ಮಾಡುವುದೇ ಇಲ್ಲಿನ ಪೈಪೋಟಿ. 2023ರ ನವೆಂಬರಿನಲ್ಲಿ ಟೆಕ್ಸಸ್ ಎ ಆ್ಯಂಡ್ ಎಂ ತನ್ನ ತರಬೇತುದಾರ ಜಿಂಬೊ ಫಿಶರ್ ಅವರನ್ನು ತೆಗೆಯಿತು, ಕರಾರಿನ ಪ್ರಕಾರ ಕೊಡಬೇಕಾದ ಬಾಕಿ 7.5 ಕೋಟಿ ಡಾಲರಿಗೂ ಹೆಚ್ಚು. ಕೆಲಸ ಮಾಡಬೇಡ ಎಂದು ಹೇಳುವುದಕ್ಕೆ ಕೊಟ್ಟ ಹಣ ಅದು. ಬಿಗ್ ಟೆನ್‌ನ ಒಂದು ಕಾಲೇಜಿಗೆ ಆಗ ಬರುತ್ತಿದ್ದ ಇಡೀ ವರ್ಷದ ಪಾಲಿಗಿಂತ ಹೆಚ್ಚು.

ಆಟಗಾರರಿಗೆ ಏನಾದರೂ ಸಿಗುತ್ತದೆಯೇ?

ಬಹುಕಾಲ ಓದಿನ ಶುಲ್ಕ, ಊಟ, ವಸತಿ, ಅಷ್ಟೇ. 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟ ಮೇಲೆ ಗೋಡೆ ಬಿರುಕು ಬಿಟ್ಟಿತು. ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಸಂಪಾದಿಸಬಹುದಾಯಿತು. 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಒಪ್ಪಿದ ರಾಜಿಯ ಪ್ರಕಾರ ಹಳೆಯ ಆಟಗಾರರಿಗೆ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್ ಹೋಗುತ್ತದೆ. ಈಗಿನವರಿಗೆ ಕಾಲೇಜುಗಳು ನೇರವಾಗಿ ಹಣ ಕೊಡಬಹುದು, 2025–26ಕ್ಕೆ ಮಿತಿ ಕಾಲೇಜಿಗೆ ಸುಮಾರು 2.05 ಕೋಟಿ.

ಇದೇ ಕಾರಣಕ್ಕೆ ಕೂಟ ಬದಲಿಸುವ ಒತ್ತಡ ಇನ್ನೂ ಹೆಚ್ಚಾಗಿದೆ. ಆ ಎರಡು ಕೋಟಿ ಎಲ್ಲಿಂದ ತರುವುದು? ದೊಡ್ಡ ಕೂಟದಲ್ಲಿದ್ದರೆ ಟೀವಿ ಕೊಡುತ್ತದೆ, ಸಣ್ಣ ಕೂಟದಲ್ಲಿದ್ದರೆ ವಿದ್ಯಾರ್ಥಿಗಳ ಶುಲ್ಕಕ್ಕೋ ದಾನಿಗಳಿಗೋ ಕೈ ಚಾಚಬೇಕು.

ವಾಲಿಬಾಲ್, ಈಜು, ಸಾಫ್ಟ್‌ಬಾಲ್ ಆಡುವವರ ಪಾಡೇನು?

ಫುಟ್‌ಬಾಲ್ ತಂಡ ಋತುವಿಗೆ ಹನ್ನೆರಡು ಪಂದ್ಯ ಆಡುತ್ತದೆ, ಬಾಡಿಗೆ ವಿಮಾನದಲ್ಲಿ ಹೋಗಿ ಬರುತ್ತದೆ. ವಾಲಿಬಾಲ್, ಸಾಫ್ಟ್‌ಬಾಲ್ ತಂಡಗಳಿಗೆ ಪಂದ್ಯಗಳು ಹೆಚ್ಚು, ಅವೂ ವಾರದ ನಡುವೆ. ಈಗ ಬರ್ಕ್ಲಿಯ ಹುಡುಗಿಯರು ಕೂಟದ ಪಂದ್ಯಕ್ಕೆ ಮಯಾಮಿಗೆ ಹೋಗಬೇಕು, ಸುಮಾರು ನಾಲ್ಕು ಸಾವಿರ ಕಿಲೋಮೀಟರ್, ಗಡಿಯಾರದಲ್ಲಿ ಮೂರು ಗಂಟೆ ವ್ಯತ್ಯಾಸ. ಬೆಂಗಳೂರಿನಿಂದ ದೆಹಲಿಗೆ ಹಾರಿ ವಾಪಸು ಬಂದರೂ ಅಷ್ಟು ದೂರವಾಗುವುದಿಲ್ಲ. ಮರುದಿನ ರಸಾಯನಶಾಸ್ತ್ರದ ಪ್ರಯೋಗಾಲಯವಿದ್ದರೆ ವಿಮಾನ ನಿಲ್ದಾಣದ ನೆಲದ ಮೇಲೆ ಕೂತು ಓದಿಕೊಳ್ಳುತ್ತಾರೆ.

ಫುಟ್‌ಬಾಲ್ ಮಾತ್ರ ಬೇರೆ ಕೂಟಕ್ಕೆ ಹೋಗಿ, ಮಿಕ್ಕ ಆಟಗಳು ಹತ್ತಿರದವರ ಜೊತೆ ಉಳಿಯಬಾರದೇಕೆ ಎಂದು ಬಹಳ ಜನ ಕೇಳುತ್ತಾರೆ. ನನಗೂ ಅದೇ ಸರಿ ಎನ್ನಿಸುತ್ತದೆ, ತಡೆಯುತ್ತಿರುವುದು ಅಭ್ಯಾಸ ಮತ್ತು ಕರಾರು. ನಷ್ಟ ಸಣ್ಣದಲ್ಲ: 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ಟ್ಯಾನ್‌ಫರ್ಡ್‌ಗೆ ಸೇರಿದ ಕ್ರೀಡಾಪಟುಗಳು ಗೆದ್ದದ್ದು 39 ಪದಕ. ಇಡೀ ಭಾರತ ಗೆದ್ದದ್ದು 6. ಆ 39ರಲ್ಲಿ ಬಹುತೇಕ ಬಂದದ್ದು ಯಾರೂ ಕೇಳದ ಈ ಆಟಗಳಿಂದ.

ನನ್ನ ಮಗಳು ಇಂಥ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಅವಳಿಗೆ ಇದರಿಂದ ತೊಂದರೆಯೇ?

ಪದವಿಯ ಬೆಲೆಗೆ ಏನೂ ಆಗುವುದಿಲ್ಲ, ಗಾಬರಿ ಬೇಡ. ಶುಲ್ಕದ ಚೀಟಿಯಲ್ಲಿ ಕ್ರೀಡೆಯ ಹೆಸರಿನ ಸಾಲು ಇದೆಯೇ ಎಂದು ಒಮ್ಮೆ ನೋಡಿ. ಮಧ್ಯಮ ಮಟ್ಟದ ಅನೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಅದು ಇರುತ್ತದೆ, ಪಂದ್ಯ ನೋಡದಿದ್ದರೂ ಕಟ್ಟಬೇಕು. ಅವಳೇ ಕಾಲೇಜು ತಂಡದಲ್ಲಿ ಆಡುತ್ತಿದ್ದು ವಿದ್ಯಾರ್ಥಿ ವೀಸಾದಲ್ಲಿದ್ದರೆ ಮಾತ್ರ ಎಚ್ಚರ: ಆ ವೀಸಾದವರು ದುಡಿಯುವುದಕ್ಕೆ ಕಟ್ಟುನಿಟ್ಟಿನ ನಿರ್ಬಂಧಗಳಿವೆ. ಜೊತೆಯ ಆಟಗಾರ್ತಿಯರಂತೆ ಜಾಹೀರಾತಿನ ಹಣಕ್ಕೆ ಕೈ ಹಾಕುವ ಮೊದಲು ಕಾಲೇಜಿನ ವಿದೇಶಿ ವಿದ್ಯಾರ್ಥಿ ಕಚೇರಿಯಲ್ಲೂ ವಲಸೆ ವಕೀಲರಲ್ಲೂ ಕೇಳಲೇಬೇಕು.

ನಮ್ಮ ಕಡೆ ಇದಕ್ಕೆ ಹೋಲಿಕೆ ಇದೆಯೇ?

ಕಾಲೇಜು ಮಟ್ಟದಲ್ಲಿ ಇಲ್ಲ. ನಮ್ಮ ಅಂತರ ವಿಶ್ವವಿದ್ಯಾಲಯ ಕೂಟಗಳಿಗೆ ವಲಯಗಳಿವೆ, ಆದರೆ ದಕ್ಷಿಣ ವಲಯ ಬಿಟ್ಟು ಉತ್ತರ ವಲಯಕ್ಕೆ ಸೇರುತ್ತೇನೆ ಎಂದು ಯಾವ ಕುಲಪತಿಯೂ ಹೇಳಿದ್ದಿಲ್ಲ. ಹೇಳಲು ಅಲ್ಲಿ ಹಣವೇ ಇಲ್ಲ. ಕ್ರಿಕೆಟ್‌ನಲ್ಲಿ ಆಟಗಾರರು ರಾಜ್ಯ ಬದಲಿಸುತ್ತಾರೆ: ರಾಬಿನ್ ಉತ್ತಪ್ಪ ಕೇರಳಕ್ಕೆ, ವಿನಯ್ ಕುಮಾರ್ ಪುದುಚೇರಿಗೆ, ಕರುಣ್ ನಾಯರ್ ವಿದರ್ಭಕ್ಕೆ ಹೋಗಿ ಮತ್ತೆ ಕರ್ನಾಟಕಕ್ಕೆ ಬಂದರು. ಕರ್ನಾಟಕ ತಂಡವೇ ಎದ್ದು ರಣಜಿ ಬಿಟ್ಟು ಹೋದರೆ ಹೇಗಿರುತ್ತದೆಯೋ ಇದು ಹಾಗೆ. ಪ್ರಸಾರದ ಹಣಕ್ಕಾದರೆ ಐಪಿಎಲ್ ನೋಡಿ, 2023–27ರ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತು. ವ್ಯತ್ಯಾಸ ಇಷ್ಟೇ: ಅದು ತನ್ನನ್ನು ಶಿಕ್ಷಣ ಸಂಸ್ಥೆ ಎಂದು ಕರೆದುಕೊಳ್ಳುವುದಿಲ್ಲ.

ಹದಿನೆಂಟು ತಂಡಗಳಿದ್ದರೂ ಬಿಗ್ ಟೆನ್, ಹದಿನಾರಿದ್ದರೂ ಬಿಗ್ 12. ಹೆಸರು ಬದಲಿಸಬಾರದೇ?

ಹೆಸರಿಗೆ ಮಾರುಕಟ್ಟೆಯಲ್ಲಿ ಬೆಲೆ ಇದೆ, ಲೆಕ್ಕಕ್ಕೆ ಇಲ್ಲ. ನಮ್ಮಲ್ಲೂ ಒಂದೂ ಕೆರೆ ಇಲ್ಲದ ಎಷ್ಟೋ ಬಡಾವಣೆಗಳ ಹೆಸರಿನಲ್ಲಿ ಕೆರೆ ಇದೆ.

ನೋಟ್ರ ಡೇಮ್ ಮಾತ್ರ ಯಾವ ಕೂಟಕ್ಕೂ ಸೇರದೆ ಹೇಗೆ ಬದುಕಿದೆ?

ಫುಟ್‌ಬಾಲ್‌ನಲ್ಲಿ ಮಾತ್ರ ಅದು ಒಂಟಿ, ಬಹುತೇಕ ಉಳಿದ ಆಟಗಳಿಗೆ ಎಸಿಸಿಯಲ್ಲಿದೆ. ದೇಶದ ತುಂಬ ಅಭಿಮಾನಿಗಳಿರುವುದರಿಂದ 1991ರಿಂದ ಎನ್‌ಬಿಸಿ ಅದರ ಜೊತೆ ಪ್ರತ್ಯೇಕ ಒಪ್ಪಂದ ಇಟ್ಟುಕೊಂಡಿದೆ. ತಾನೇ ಒಂದು ಟ್ಯಾಂಕರ್ ತುಂಬಿಸಬಲ್ಲವನಿಗೆ ಸಂಘ ಬೇಕಿಲ್ಲ.

ಈ ಓಡಾಟ ಇನ್ನಾದರೂ ನಿಲ್ಲುತ್ತದೆಯೇ?

ಕೆಲವು ವರ್ಷ ಸದ್ದು ಕಡಿಮೆ ಇರಬಹುದು. ರಾಷ್ಟ್ರೀಯ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪಂದ್ಯಾವಳಿಗೆ ಇಎಸ್‌ಪಿಎನ್ ಆರು ವರ್ಷಕ್ಕೆ ಕೊಡುವ ಹಣ 780 ಕೋಟಿ ಡಾಲರ್. 2026ರಿಂದ ಅದರ ಹಂಚಿಕೆಯಲ್ಲಿ ಬಿಗ್ ಟೆನ್ ಮತ್ತು ಎಸ್‌ಇಸಿಗೆ ತಲಾ ನೂರಕ್ಕೆ 29, ಎಸಿಸಿಗೆ 17, ಬಿಗ್ 12ಕ್ಕೆ 15. ಮಿಕ್ಕವರೆಲ್ಲ ಸೇರಿ ಪಾತ್ರೆಯ ತಳ ಕೆರೆದುಕೊಳ್ಳಬೇಕು. ಈ ಅಂಕಿ ಇರುವವರೆಗೆ ಮೂರನೆಯ, ನಾಲ್ಕನೆಯ ಸ್ಥಾನದವರು ಮೇಲಿನ ಎರಡು ಮನೆಗಳ ಜಗಲಿಯತ್ತ ನೋಡುತ್ತಲೇ ಇರುತ್ತಾರೆ.

ದಿನಾಂಕ ಗುರುತು ಹಾಕಿಕೊಳ್ಳುವವರಿಗೆ: ಬಿಗ್ ಟೆನ್‌ನ ಈಗಿನ ಪ್ರಸಾರ ಒಪ್ಪಂದ ಮುಗಿಯುವುದು 2029–30ಕ್ಕೆ. ಬಿಗ್ 12ರದು 2030–31ಕ್ಕೆ. ಎಸಿಸಿ ಬಿಡುವ ಶುಲ್ಕ 7.5 ಕೋಟಿಗೆ ಇಳಿಯುವುದೂ ಅದೇ ವರ್ಷ.